ಬಿತ್ತಿದ ಮರದ ಬೀಜ ಕಾಡುಪ್ರಾಣಿಗಳ ಪಾಲಾಗದಂತೆ ಕಾಯುವುದು ಹೇಗೆ? ರಿಪೆಲೆಂಟ್ ಬಳಕೆಯ ಸಮಗ್ರ ಮಾರ್ಗದರ್ಶಿ

ಸಸಿ ತಂದು ನೆಡುವ ಬದಲು ನೇರವಾಗಿ ಬೀಜ ಬಿತ್ತಿ ಮರ ಬೆಳೆಸುವುದರಲ್ಲಿ ಒಳ್ಳೆಯ ಲಾಭವಿದೆ. ನರ್ಸರಿ ಖರ್ಚಿಲ್ಲ. ಚೀಲದೊಳಗೆ ಬೇರು ಸುತ್ತಿಕೊಳ್ಳುವ ತೊಂದರೆಯಿಲ್ಲ. ತಾಯಿಬೇರು ಹುಟ್ಟಿದ ಜಾಗದಲ್ಲೇ ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಆದರೂ ಎಷ್ಟೋ ಜನ ಒಂದೆರಡು ಸಲ ಬಿತ್ತಿ ನೋಡಿ ಕೈಬಿಡುತ್ತಾರೆ. ಮಳೆ ಸಾಲಲಿಲ್ಲ, ಬೀಜ ಹಳೆಯದಿರಬೇಕು ಅಂದುಕೊಳ್ಳುತ್ತಾರೆ. ಮಣ್ಣು ಕೆದಕಿ ನೋಡಿದರೆ ಅಲ್ಲಿ ಬೀಜವೇ ಇರುವುದಿಲ್ಲ. ಅದು ಆಗಲೇ ಇಲಿ, ಅಳಿಲು, ಹಕ್ಕಿ ಅಥವಾ ಹಂದಿಯ ಹೊಟ್ಟೆ ಸೇರಿರುತ್ತದೆ.

ರಿಪೆಲೆಂಟ್ ಅಂದರೆ ಪ್ರಾಣಿಯನ್ನು ಕೊಲ್ಲದೆ, ಬೀಜವನ್ನು ತಿನ್ನಲು ಬೇಡವೆನಿಸುವಂತೆ ಮಾಡುವ ಪದಾರ್ಥ. ಅದು ಬೀಜಕ್ಕೆ ಒಂದಷ್ಟು ಕಾಲಾವಕಾಶ ಕೊಡುತ್ತದೆ, ಅಷ್ಟೇ. ಆ ಅವಕಾಶದೊಳಗೆ ಬೀಜ ಮೊಳೆತು ಬೇರು ಬಿಟ್ಟರೆ ನಿಮ್ಮ ಕೆಲಸ ಆಯಿತು. ಆದ್ದರಿಂದ ಯಾವ ಮದ್ದು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಎರಡು: ತಿನ್ನುತ್ತಿರುವುದು ಯಾರು? ಎಷ್ಟು ದಿನ ಕಾಯಬೇಕು?

ಹಂತ 1: ತಿನ್ನುತ್ತಿರುವುದು ಯಾರು ಅಂತ ಪತ್ತೆ ಮಾಡಿ

ಈ ಹಂತವನ್ನು ಹಾರಿಸಿ ನೇರ ಮದ್ದಿಗೆ ಹೋದರೆ ದುಡ್ಡು ದಂಡ. ಇಲಿಯನ್ನು ತಡೆಯುವ ಮದ್ದು ಹಕ್ಕಿಯ ಮುಂದೆ ಏನೂ ಅಲ್ಲ. ಹಕ್ಕಿಯ ಮದ್ದು ಹೆಚ್ಚಾಗಿ ಇಲಿಗೆ ಲೆಕ್ಕಕ್ಕಿಲ್ಲ.

ಬಿತ್ತಿದ ಜಾಗದಲ್ಲಿ ಮಂಡಿಯೂರಿ ಕೂತು ನೋಡಿ. ಗುಣಿಯ ಪಕ್ಕದಲ್ಲೇ ಒಡೆದ ಸಿಪ್ಪೆ ಬಿದ್ದಿದ್ದು, ಅದರ ಅಂಚಿನಲ್ಲಿ ಸಣ್ಣ ಜೋಡಿ ಗೀರುಗಳಿದ್ದರೆ ಅದು ಇಲಿಯ ಮುಂಹಲ್ಲಿನ ಗುರುತು. ಚಿಕ್ಕ ಗುಂಡಿ ತೋಡಿ, ಸಿಪ್ಪೆ ಸಮೇತ ಬೀಜ ಮಾಯವಾಗಿದ್ದರೆ ಅಳಿಲು ಅಥವಾ ಬೀಜ ಬಚ್ಚಿಡುವ ಇಲಿ ಇರಬಹುದು. ಇವು ಒಂದೊಂದೇ ಬೀಜವನ್ನು ಬೇರೆ ಬೇರೆ ಕಡೆ ಹೂತಿಡುತ್ತವೆ. ಹಾಗಾಗಿ ನಿಮ್ಮ ಬೀಜ ಇನ್ನೆಲ್ಲೋ ಮೊಳೆತರೂ ಆಶ್ಚರ್ಯವಿಲ್ಲ. ಮಣ್ಣು ಉತ್ತ ಹಾಗೆ ಮಗುಚಿದ್ದು, ಸಾಲಿಗೆ ಸಾಲೇ ಹೋಗಿದ್ದರೆ ಹಂದಿ. ಮೊಳಕೆ ಮೇಲೆ ಬಂದಿದ್ದು ತಲೆ ಮಾತ್ರ ಕತ್ತರಿಸಿ ಹೋಗಿದ್ದರೆ ಹೆಚ್ಚಾಗಿ ಹಕ್ಕಿ. ಪೈನ್‌ನಂಥ ಮರಗಳ ಮೊಳಕೆ ಬೀಜದ ಸಿಪ್ಪೆಯನ್ನು ನೆತ್ತಿಯ ಮೇಲೆ ಹೊತ್ತುಕೊಂಡೇ ಏಳುತ್ತದೆ. ಅದು ಕಣ್ಣಿಗೆ ಬಿದ್ದ ಕೂಡಲೇ ಹಕ್ಕಿ ಬಂದು ಕುಟುಕುತ್ತದೆ.

ಗುರುತು ನೋಡಿಯೂ ಅನುಮಾನ ಉಳಿದರೆ ಒಂದು ಸುಲಭ ಪರೀಕ್ಷೆ ಇದೆ. ಒಂದೇ ಥರದ ಬೀಜವನ್ನು ಮೂರು ಕಡೆ ಇಡಿ. ಒಂದನ್ನು ತೆರೆದಿಡಿ. ಇನ್ನೊಂದಕ್ಕೆ ಮೇಲಿನಿಂದ ಮಾತ್ರ ಬಲೆ ಹಾಕಿ, ಬದಿಯಲ್ಲಿ ಇಲಿ ನುಗ್ಗುವಷ್ಟು ಸಂದಿ ಬಿಡಿ. ಮೂರನೆಯದನ್ನು 6 ಮಿ.ಮೀ. ಕಣ್ಣಿನ ತಂತಿ ಜಾಲರಿಯಿಂದ ಎಲ್ಲ ಕಡೆ, ಕೆಳಗೂ ಸೇರಿಸಿ ಮುಚ್ಚಿ. ಮೂರನೆಯದು ಮಾತ್ರ ಉಳಿದರೆ ಇಲಿ ಇದೆ ಅಂತ ಖಾತ್ರಿ. ಎರಡನೆಯದೂ ಉಳಿದು, ತೆರೆದದ್ದು ಮಾತ್ರ ಹೋದರೆ ಹಕ್ಕಿ ಅಥವಾ ದೊಡ್ಡ ಪ್ರಾಣಿಯ ಕೆಲಸ. ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ನೋಡಿದರೆ ಹಗಲಿನ ಕಳ್ಳನೋ ರಾತ್ರಿಯ ಕಳ್ಳನೋ ಅನ್ನುವುದೂ ತಿಳಿಯುತ್ತದೆ. ಚಲನೆಗೆ ತಾನೇ ಚಾಲೂ ಆಗುವ ಕ್ಯಾಮೆರಾ ಸಿಕ್ಕರೆ ಇನ್ನೂ ಒಳ್ಳೆಯದು.

ಹಂತ 2: ಕಾಯಬೇಕಾದ ಅವಧಿಯನ್ನು ಲೆಕ್ಕ ಹಾಕಿ

ಮೊಳಕೆ ಬಂದರೆ ಗೆದ್ದೆವು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಲ್ಲ ಜಾತಿಗೂ ಇದು ನಿಜವಲ್ಲ.

ಓಕ್, ವಾಲ್‌ನಟ್, ಚೆಸ್ಟ್‌ನಟ್‌ನಂಥ ದಪ್ಪ ಬೀಜಗಳ ಬೀಜದಳ ಮಣ್ಣಿನೊಳಗೇ ಉಳಿಯುತ್ತದೆ. ಮೇಲೆ ಹಸಿರು ಕುಡಿ ಬಂದಿರುತ್ತದೆ, ಕೆಳಗೆ ತಿರುಳು ಇನ್ನೂ ತುಂಬಿರುತ್ತದೆ. ಇಲಿಗೆ ಆ ಕುಡಿಯೇ ದಾರಿ ತೋರಿಸುತ್ತದೆ. ಅದು ಬುಡ ಕೆದಕಿ ತಿರುಳು ತಿನ್ನುತ್ತದೆ, ಸಸಿ ಅಡ್ಡ ಬೀಳುತ್ತದೆ. ಇಂಥ ಜಾತಿಗಳಿಗೆ ಮೊಳಕೆ ಬಂದ ಮೇಲೂ ಕೆಲವು ವಾರ ಕಾವಲು ಬೇಕು. ಬೇರು ಆಳಕ್ಕೆ ಇಳಿದು, ಎಲೆ ಬಿಚ್ಚಿ, ಬೀಜದಳದ ಹಂಗಿಲ್ಲದೆ ಬದುಕುವ ಹಂತ ಬರುವವರೆಗೆ. ಪೈನ್ ಥರದ ಸಣ್ಣ ಬೀಜಗಳಿಗೆ ನೆತ್ತಿಯ ಸಿಪ್ಪೆ ಉದುರುವವರೆಗೆ ಅಪಾಯ ಜಾಸ್ತಿ.

ಬೀಜಕ್ಕೆ ಹಚ್ಚುವ ರಿಪೆಲೆಂಟ್‌ನ ಯಾವ ಲೇಪವೂ ಮಳೆಗೆ, ಬಿಸಿಲಿಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಸಿಕ್ಕಿ ದಿನದಿಂದ ದಿನಕ್ಕೆ ಸವೆಯುತ್ತದೆ. ಆದ್ದರಿಂದ ಬೇಗ ಮೊಳೆಯುವ ಬೀಜಕ್ಕೆ ರಿಪೆಲೆಂಟ್ ಸಾಕಾಗಬಹುದು. ತಿಂಗಳುಗಟ್ಟಲೆ ಮಣ್ಣಲ್ಲಿ ಮಲಗುವ ಬೀಜಕ್ಕೆ ಸಾಲುವುದಿಲ್ಲ. ಅಂಥದ್ದನ್ನು ಮೊದಲೇ ಉಪಚರಿಸಿ, ಮೊಳೆಯಲು ಸಿದ್ಧವಾದ ಮೇಲೆ ಬಿತ್ತಬೇಕು.

ಹಂತ 3: ಮದ್ದು ಆರಿಸಿ

ಇಲಿ, ಅಳಿಲುಗಳಿಗೆ ನನ್ನ ಮೊದಲ ಆಯ್ಕೆ ಮೆಣಸಿನಕಾಯಿ. ಅದರ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಸಸ್ತನಿಗಳ ನರಗಳಲ್ಲಿ ಬಿಸಿ ತಾಗಿದಾಗ ಎಚ್ಚರಗೊಳ್ಳುವ ಒಂದು ಗ್ರಾಹಕ (ರಿಸೆಪ್ಟರ್) ಇದೆ. ಕ್ಯಾಪ್ಸೈಸಿನ್ ಅದಕ್ಕೇ ಅಂಟಿಕೊಳ್ಳುವುದರಿಂದ ಬಾಯಿ ಉರಿಯುತ್ತದೆ. ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿತು. ಅವರಿಗೆ 2021ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಹಕ್ಕಿಗಳಲ್ಲೂ ಆ ಗ್ರಾಹಕ ಇದೆ, ಆದರೆ ಅದು ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ. ಹಕ್ಕಿಗಳು ಮೆಣಸಿನಕಾಯಿಯನ್ನು ಸಲೀಸಾಗಿ ತಿಂದು ಅದರ ಬೀಜ ಹರಡುವುದು ಇದೇ ಕಾರಣಕ್ಕೆ. ಅಂದಮೇಲೆ ಹಕ್ಕಿ ಕಾಟ ಇರುವಲ್ಲಿ ಖಾರದ ಲೇಪ ಪ್ರಯೋಜನಕ್ಕೆ ಬಾರದು.

ಕ್ಯಾಪ್ಸೈಸಿನ್‌ನ ಇನ್ನೆರಡು ಗುಣ ನೆನಪಿಡಿ. ಒಂದು, ಅದು ದೂರದಿಂದ ಕೆಲಸ ಮಾಡುವುದಿಲ್ಲ. ಪ್ರಾಣಿ ಬಾಯಿ ಹಾಕಿದ ಮೇಲೆಯೇ ಪಾಠ ಕಲಿಯುವುದು. ಶುರುವಿನಲ್ಲಿ ಕೆಲವು ಬೀಜ ಹೋಗಿಯೇ ಹೋಗುತ್ತವೆ, ಅದಕ್ಕೆ ತಯಾರಿರಿ. ಇನ್ನೊಂದು, ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಎಣ್ಣೆ, ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಮೆಣಸಿನಪುಡಿಯನ್ನು ನೀರಲ್ಲಿ ಕಲಸಿ ಮೇಲಿನಿಂದ ಚಿಮುಕಿಸಿದರೆ ಪುಡಿ ಒಂದು ಕಡೆ, ನೀರು ಒಂದು ಕಡೆ ಆಗುತ್ತದೆ. ಒಂದು ಮಳೆಗೆ ಎಲ್ಲ ತೊಳೆದುಹೋಗುತ್ತದೆ. ಬೀಜಕ್ಕೆ ಅಂಟಿಸಿದರೆ ಮಾತ್ರ ಬೆಲೆ.

ಪುಡಿಯ ಖಾರವೂ ಮುಖ್ಯ. ಬಣ್ಣ ಕೆಂಪಗಿದ್ದು ಖಾರವಿಲ್ಲದ ಪುಡಿ ಇಲ್ಲಿ ಉಪಯೋಗಕ್ಕಿಲ್ಲ. ಅಮೆರಿಕದ ಮಾಂಟಾನಾದಲ್ಲಿ ಇಲಿಗಳಿಂದ ಬೀಜ ಉಳಿಸುವ ಪ್ರಯೋಗಕ್ಕೆ ಭೂತ್ ಜೋಲೋಕಿಯಾ ಪುಡಿಯನ್ನೇ ಬಳಸಿದ್ದರು. ಈ ಮೆಣಸಿನಕಾಯಿಯ ಖಾರ, ಖಾರ ಅಳೆಯುವ ಸ್ಕೋವಿಲ್ ಮಾನದಲ್ಲಿ 10 ಲಕ್ಷ ಮುಟ್ಟುತ್ತದೆ. ಲೇಪ ಹಚ್ಚಿದ ಬೀಜಗಳನ್ನು ಇಲಿಗಳು ಬಹಳ ಕಡಿಮೆ ತಿಂದವು.

ಒಂದು ಮಿತಿ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಬೇಕು. ದಪ್ಪ ಚಿಪ್ಪಿನ ಬೀಜದಲ್ಲಿ ಖಾರ ಇರುವುದು ಚಿಪ್ಪಿನ ಮೇಲೆ. ಇಲಿ ಚಿಪ್ಪನ್ನು ಕಡಿದು ಉಗುಳಿ, ಒಳಗಿನ ಸಿಹಿ ತಿರುಳು ತಿನ್ನುತ್ತದೆ. ಹಸಿದ ಇಲಿ ಅಷ್ಟು ಉರಿ ತಡೆದುಕೊಳ್ಳಲೂಬಹುದು. ಸಿಪ್ಪೆ ತೆಳ್ಳಗಿರುವ ಸಣ್ಣ ಮತ್ತು ಮಧ್ಯಮ ಗಾತ್ರದ ಬೀಜಗಳಲ್ಲೇ ಈ ಲೇಪದ ಗುಣ ಚೆನ್ನಾಗಿ ಕಾಣುತ್ತದೆ.

ಹಕ್ಕಿಗಳಿಗೆ ಎರಡು ಪದಾರ್ಥಗಳ ಹೆಸರು ಮುಖ್ಯ. ಮೀಥೈಲ್ ಆಂಥ್ರನಿಲೇಟ್ ದ್ರಾಕ್ಷಿಯ ಪರಿಮಳ ಕೊಡುವ ಪದಾರ್ಥ, ತಿಂಡಿಗಳಲ್ಲೂ ಬಳಸುತ್ತಾರೆ. ನಮಗೆ ಹಿತವಾದ ಅದು ಹಕ್ಕಿಯ ಬಾಯಿ ಮೂಗಿಗೆ ಉರಿ. ಆದರೆ ಬೇಗ ಆವಿಯಾಗುತ್ತದೆ, ಬಿಸಿಲಿಗೆ ಒಡೆಯುತ್ತದೆ. ಆಂಥ್ರಾಕ್ವಿನೋನ್ ಬೇರೆ ರೀತಿ ಕೆಲಸ ಮಾಡುತ್ತದೆ. ತಿಂದ ಮೇಲೆ ಹಕ್ಕಿಗೆ ಹೊಟ್ಟೆ ತೊಳಸುತ್ತದೆ, ಆಮೇಲೆ ಆ ಬೀಜದ ಸಹವಾಸ ಬೇಡ ಅಂತ ಕಲಿಯುತ್ತದೆ. ಇಂಥ ಪದಾರ್ಥಗಳನ್ನು ಎಲ್ಲಿ, ಯಾವುದಕ್ಕೆ ಬಳಸಬಹುದು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಲೇಬಲ್‌ನಲ್ಲಿ ಮರದ ಬೀಜಕ್ಕೆ ಅಂತ ಬರೆದಿದ್ದರೆ ಮಾತ್ರ ಕೊಳ್ಳಿ. ಥೈರಾಮ್ ಎಂಬ ಶಿಲೀಂಧ್ರನಾಶಕಕ್ಕೂ ಹಕ್ಕಿ, ಇಲಿಗಳನ್ನು ದೂರವಿಡುವ ಗುಣವಿದೆ. ಆದರೆ ಯುರೋಪಿಯನ್ ಒಕ್ಕೂಟ 2018ರಲ್ಲಿ ಅದರ ಅನುಮತಿಯನ್ನು ನವೀಕರಿಸಲಿಲ್ಲ. ಬೇರೆ ದಾರಿ ಇರುವಾಗ ಅದನ್ನು ಮುಟ್ಟುವ ಅಗತ್ಯ ನನಗೆ ಕಾಣುವುದಿಲ್ಲ.

ನರಿಯ ಮೂತ್ರ, ಬೇಟೆ ಪ್ರಾಣಿಗಳ ಹಿಕ್ಕೆ ಹಾಕಿದರೆ ಇಲಿ ಹೆದರುತ್ತದೆ ಅನ್ನುವುದುಂಟು. ಫಲಿತಾಂಶ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರುವುದಿಲ್ಲ. ವಾಸನೆ ಬೇಗ ಹಾರಿಹೋಗುತ್ತದೆ, ಬೇಟೆಗಾರ ಬರದಿದ್ದರೆ ಇಲಿಗೂ ರೂಢಿಯಾಗುತ್ತದೆ. ಇದೊಂದನ್ನೇ ನಂಬಬೇಡಿ. ಕೊಳೆತ ಮೊಟ್ಟೆ, ರಕ್ತದ ಪುಡಿಯ ಮದ್ದುಗಳು ಜಿಂಕೆ ಎಲೆ ಮೇಯದಿರಲಿ ಅಂತ ಮಾಡಿದವು. ಬೀಜದ ಗುಣಿಗೆ ಹಾಕಿದರೆ ಸಿಕ್ಕಿದ್ದೆಲ್ಲ ತಿನ್ನುವ ಹಂದಿಯನ್ನು ಕರೆದು ಕೂರಿಸಿದಂತೆ ಆಗಬಹುದು. ಹಂದಿಗೆ ಬೀಜದ ಲೇಪ ತಡೆಯೇ ಅಲ್ಲ, ಅಲ್ಲಿ ಬೇಲಿಯೇ ಬೇಕು.

ಇನ್ನು ಮುಟ್ಟಲೇಬಾರದವು. ನುಸಿಗುಳಿಗೆ, ಸೀಮೆಎಣ್ಣೆ, ಸುಟ್ಟ ಇಂಜಿನ್ ಆಯಿಲ್, ಕೀಟನಾಶಕ. 1950-60ರ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೈನ್ ಬೀಜಕ್ಕೆ ಹಕ್ಕಿ ತಡೆಯಲು ಥೈರಾಮ್, ಇಲಿ ತಡೆಯಲು ಎಂಡ್ರಿನ್ ಎಂಬ ಕೀಟನಾಶಕ ಲೇಪಿಸಿ ದೊಡ್ಡ ಮಟ್ಟದಲ್ಲಿ ಬಿತ್ತಿದರು. ಕಾಡೇನೋ ಎದ್ದಿತು. ಆದರೆ ಎಂಡ್ರಿನ್ ಘೋರ ವಿಷ. ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ನೀರು ಸೇರಿದರೆ ಮೀನು ಸಾಯುತ್ತವೆ. ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ 2001ರ ಸ್ಟಾಕ್‌ಹೋಮ್ ಒಪ್ಪಂದ ಮೊದಲು ಪಟ್ಟಿ ಮಾಡಿದ 12 ರಾಸಾಯನಿಕಗಳಲ್ಲಿ ಅದೂ ಒಂದು. ಕಾಡು ಬೆಳೆಸಲು ಹೊರಟು ಕಾಡಿನ ಜೀವಿಗಳಿಗೆ ವಿಷ ಇಡುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಹಂತ 4: ಬೀಜ ತಯಾರು ಮಾಡಿ

ಲೇಪ ಹಚ್ಚುವುದು ಕೊನೆಯ ಕೆಲಸ. ನೆನೆಸುವುದು, ಬಿಸಿನೀರು ಉಪಚಾರ, ಸಿಪ್ಪೆ ಉಜ್ಜುವುದು, ತಂಪಿನಲ್ಲಿಡುವುದು ಎಲ್ಲ ಅದಕ್ಕೂ ಮೊದಲೇ ಮುಗಿಯಬೇಕು. ಲೇಪದ ಮೇಲೆ ನೆನೆಸಿದರೆ ಹಚ್ಚಿದ್ದು ನೀರುಪಾಲು.

ಹಣ್ಣಿನ ತಿರುಳು ಅಂಟಿರುವ ಬೀಜಗಳನ್ನು ಚೆನ್ನಾಗಿ ತಿಕ್ಕಿ ತೊಳೆಯಿರಿ. ಆ ಸಿಹಿ ವಾಸನೆಯೇ ಪ್ರಾಣಿಗಳಿಗೆ ಕರೆ. ಒಡೆದ, ಹುಳ ಹಿಡಿದ, ಬೂಷ್ಟು ಬಂದ ಬೀಜ ತೆಗೆದುಹಾಕಿ. ಒಂದು ಬಿರುಕು ಬೀಜದ ವಾಸನೆ ಹಿಡಿದು ಬಂದ ಇಲಿ ಪಕ್ಕದ ಹತ್ತು ಗುಣಿ ಕೆದಕುತ್ತದೆ. ಓಕ್‌ನಂಥ ಬೀಜಗಳನ್ನು ನೀರಿಗೆ ಹಾಕಿದರೆ ಜೊಳ್ಳು ಹೆಚ್ಚಾಗಿ ತೇಲುತ್ತದೆ.

ಹಂತ 5: ಲೇಪ ಹಚ್ಚಿ

ಅಂಟಿಗೆ ಗಮ್ ಅರೇಬಿಕ್ (ಜಾಲಿ ಜಾತಿಯ ಮರದ ಗೋಂದು) ಒಳ್ಳೆಯದು. 100 ಮಿ.ಲೀ. ಬೆಚ್ಚನೆಯ ನೀರಿಗೆ 40 ಗ್ರಾಂ ಹಾಕಿ, ಗಂಟಿಲ್ಲದಂತೆ ಕರಗಿಸಿ, ತಣಿಯಲು ಬಿಡಿ. ಅದಿಲ್ಲದಿದ್ದರೆ ಮೀಥೈಲ್ ಸೆಲ್ಯುಲೋಸ್ ಪುಡಿಯನ್ನು ಲೀಟರಿಗೆ 20 ಗ್ರಾಂನಂತೆ ಕಲಸಿ. ಬೆಲ್ಲದ ನೀರು, ಗಂಜಿ ಬೇಡವೇ ಬೇಡ. ಬೀಜೋಪಚಾರಕ್ಕೆ ಬೆಲ್ಲದ ಅಂಟು ಬಳಸುವ ರೂಢಿ ಇದೆ ನಿಜ. ಇಲ್ಲಿ ಮಾತ್ರ ಅದು ಇಲಿ, ಇರುವೆಗಳಿಗೆ ಔತಣ.

ಕೈಗವಸು, ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಬಯಲಲ್ಲಿ, ಗಾಳಿ ಕಡಿಮೆ ಇರುವ ಹೊತ್ತಿನಲ್ಲಿ ಕೆಲಸ ಮಾಡಿ. ತೀಕ್ಷ್ಣ ಮೆಣಸಿನ ದೂಳು ಕಣ್ಣಿಗೆ, ಶ್ವಾಸಕ್ಕೆ ಹೋದರೆ ತಮಾಷೆಯಲ್ಲ. ಮಕ್ಕಳನ್ನು ಹತ್ತಿರ ಬಿಡಬೇಡಿ. ಚರ್ಮಕ್ಕೆ ತಾಗಿದರೆ ಬರೀ ನೀರಲ್ಲಿ ಹೋಗುವುದಿಲ್ಲ. ಮೊದಲು ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ.

ಮೇಲ್ಮೈ ಒಣಗಿದ ಬೀಜವನ್ನು ಅಗಲ ಬಾಯಿಯ ಬಕೆಟ್‌ಗೆ ಹಾಕಿ. ಅಂಟನ್ನು ಸ್ವಲ್ಪ ಸ್ವಲ್ಪವೇ ಸುರಿದು ತಿರುಗಿಸಿ. ಎಲ್ಲ ಬೀಜ ಮಿನುಗಬೇಕು, ತಳದಲ್ಲಿ ಅಂಟು ನಿಲ್ಲಬಾರದು. ನಿಂತರೆ ಬೀಜಗಳು ಮುದ್ದೆಗಟ್ಟುತ್ತವೆ. ಈಗ ನಯವಾಗಿ ಜರಡಿ ಹಿಡಿದ ಮೆಣಸಿನಪುಡಿ ಉದುರಿಸುತ್ತಾ ಬಕೆಟ್ ಆಡಿಸಿ. ಪ್ರಯೋಗಕ್ಕೆ ಬೀಜದ ತೂಕದ ಶೇ. 5 ಮತ್ತು ಶೇ. 10, ಹೀಗೆ ಎರಡು ಪ್ರಮಾಣದಲ್ಲಿ ಬೇರೆ ಬೇರೆ ಮಾಡಿ. ಒಂದು ಕಿಲೋ ಬೀಜಕ್ಕೆ 50 ಗ್ರಾಂ ಒಂದು, 100 ಗ್ರಾಂ ಇನ್ನೊಂದು. ಯಾವುದು ಸಾಕು ಅನ್ನುವುದನ್ನು ಮುಂದಿನ ಹಂತದ ಪರೀಕ್ಷೆ ಹೇಳುತ್ತದೆ. ಕೊನೆಗೆ ಸ್ವಲ್ಪ ಸುಣ್ಣವಿಲ್ಲದ ಬಿಳಿ ಜೇಡಿಪುಡಿ ಅಥವಾ ಟಾಲ್ಕ್ ಉದುರಿಸಿದರೆ ಬೀಜಗಳು ಬಿಡಿ ಬಿಡಿಯಾಗುತ್ತವೆ.

ಪುಡಿಯ ಬದಲು ಮೆಣಸಿನ ಓಲಿಯೊರೆಸಿನ್ (ಮೆಣಸಿನಕಾಯಿಯಿಂದ ತೆಗೆದ ಗಟ್ಟಿ ಎಣ್ಣೆಸಾರ) ಸಿಕ್ಕರೆ ಅದನ್ನು ನೇರ ಬೀಜಕ್ಕೆ ಸುರಿಯಬೇಡಿ. ಎಣ್ಣೆಯ ಪದರ ನೀರು ಹೀರುವುದನ್ನು ತಡೆಯಬಹುದು, ಆಲ್ಕೋಹಾಲ್‌ನಲ್ಲಿ ಕರಗಿಸಿ ಸುರಿದರೆ ಅದು ಬೀಜದೊಳಗಿನ ಭ್ರೂಣಕ್ಕೆ ಕೆಡುಕು. ಓಲಿಯೊರೆಸಿನ್ ಅನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ, ಜೇಡಿಪುಡಿಗೆ ಕಲಸಿ, ಬೆಂಕಿಯಿಂದ ದೂರ ಬಯಲಲ್ಲಿ ಪೂರ್ತಿ ಆರಲು ಬಿಡಿ. ಆ ಖಾರದ ಜೇಡಿಪುಡಿಯನ್ನೇ ಮೇಲಿನ ಕ್ರಮದಲ್ಲಿ ಅಂಟಿಸಿ.

ಲೇಪ ಹಚ್ಚಿದ್ದನ್ನು ನೆರಳಲ್ಲಿ ತೆಳುವಾಗಿ ಹರಡಿ ಒಣಗಿಸಿ. ಓಕ್‌ನಂಥ ಹಸಿಬೀಜಗಳ ವಿಷಯದಲ್ಲಿ ಹುಷಾರು. ಅವುಗಳ ಒಳತೇವ ಆರಿದರೆ ಬೀಜ ಸತ್ತೇ ಹೋಗುತ್ತದೆ. ಕೈಗೆ ಅಂಟದಷ್ಟು ಮೇಲ್ಮೈ ಆರಿದರೆ ಸಾಕು, ಕೂಡಲೇ ಬಿತ್ತಿ.

ಹಂತ 6: ಬಿತ್ತುವ ಮೊದಲು ಎರಡು ಪರೀಕ್ಷೆ

ಮೊದಲನೆಯದು ಮೊಳಕೆ ಪರೀಕ್ಷೆ. ಲೇಪವಿಲ್ಲದ 100, ಲೇಪ ಹಚ್ಚಿದ 100 ಬೀಜಗಳನ್ನು ಒದ್ದೆ ಮರಳಿನಲ್ಲಿ ಒಂದೇ ಜಾಗದಲ್ಲಿಡಿ. ಎಷ್ಟು ಮೊಳೆತವು ಎನ್ನುವ ಜೊತೆಗೆ ಎಷ್ಟು ದಿನಕ್ಕೆ ಮೊಳೆತವು ಅನ್ನುವುದನ್ನೂ ಬರೆಯಿರಿ. ನಾಲ್ಕೈದರ ವ್ಯತ್ಯಾಸ ಆಕಸ್ಮಿಕ ಇರಬಹುದು. ಇಪ್ಪತ್ತು ಕಡಿಮೆಯಾದರೆ ಲೇಪ ದಪ್ಪವಾಗಿದೆ ಅಥವಾ ಆ ಜಾತಿಗೆ ಆಗಿಬರುವುದಿಲ್ಲ. ತಡವಾಗಿ ಮೊಳೆತರೂ ನಷ್ಟವೇ, ಕಾವಲಿನ ಅವಧಿ ಅಷ್ಟು ಉದ್ದವಾಗುತ್ತದೆ.

ಎರಡನೆಯದು ಪ್ರಾಣಿಗಳ ಮುಂದೆ ಇಡುವ ಪರೀಕ್ಷೆ. ಮೂರು ಥರದ ಬೀಜ ಬೇಕು: ಬರಿ ಬೀಜ, ಅಂಟು ಮಾತ್ರ ಹಚ್ಚಿದ್ದು, ಅಂಟಿನ ಜೊತೆ ಮದ್ದು ಹಚ್ಚಿದ್ದು. ಮಧ್ಯದ್ದನ್ನು ಬಿಟ್ಟರೆ, ಇಲಿ ದೂರ ಉಳಿದದ್ದು ಖಾರಕ್ಕೋ ಅಂಟಿಗೋ ಗೊತ್ತಾಗುವುದಿಲ್ಲ. ಚಿಕ್ಕ ತಟ್ಟೆಗಳಲ್ಲಿ ತಲಾ 20 ಬೀಜ ಹಾಕಿ, ಹಲವು ಕಡೆ ಇಟ್ಟು, ಬೆಳಿಗ್ಗೆ ಎಣಿಸಿ.

ಇಲ್ಲೊಂದು ಸೂಕ್ಷ್ಮ ಇದೆ. ಪಕ್ಕದಲ್ಲೇ ಬರಿ ಬೀಜ ಇದ್ದಾಗ ಖಾರದ ಬೀಜ ಯಾರಿಗೆ ಬೇಕು? ಹೊಲದಲ್ಲಿ ಹಾಗೆ ಆಯ್ಕೆ ಇರುವುದಿಲ್ಲ. ಅದಕ್ಕೆ ಇನ್ನೊಂದು ಜಾಗದಲ್ಲಿ ಮದ್ದಿನ ಬೀಜಗಳನ್ನಷ್ಟೇ ಇಟ್ಟು ನೋಡಿ. ಅಲ್ಲಿಯೂ ಉಳಿದರೆ ನಂಬಬಹುದು.

ಹಂತ 7: ಬಿತ್ತನೆ

ಇಲಿ ಬೀಜ ಹುಡುಕುವುದು ಮೂಗಿನಿಂದ. ಒಣಮಣ್ಣಿನಲ್ಲಿ ಒಣಬೀಜದ ವಾಸನೆ ಕಡಿಮೆ. ನೀರು ಕುಡಿದು ಉಬ್ಬಿದ ಮೇಲೆ ವಾಸನೆ ಮೇಲೇಳುತ್ತದೆ. ಹಾಗಾಗಿ ಬಿತ್ತಿ ವಾರಗಟ್ಟಲೆ ಅರೆತೇವದಲ್ಲಿ ಬಿಡುವುದು ಅತಿ ಕೆಟ್ಟ ಸ್ಥಿತಿ. ಮಣ್ಣು ಹದವಾಗಿ, ಬೆಚ್ಚಗಿದ್ದು, ಬೇಗ ಮೊಳೆಯುವ ಹೊತ್ತಿಗೇ ಬಿತ್ತಿ.

ಆಳ ಬೀಜದ ದಪ್ಪದ ಎರಡು ಮೂರು ಪಟ್ಟು ಇರಲಿ. ದೊಡ್ಡ ಬೀಜವನ್ನು ಇನ್ನೂ ಸ್ವಲ್ಪ ಆಳಕ್ಕೆ ಇಟ್ಟರೆ ಇಲಿಗೆ ಕಷ್ಟ, ಮೊಳಕೆಗೆ ತೊಂದರೆಯಾಗದು. ಮುಚ್ಚಿದ ಮೇಲೆ ಮಣ್ಣನ್ನು ಒತ್ತಿ, ಸುತ್ತಲಿನ ಮಟ್ಟಕ್ಕೆ ತಂದು, ಅಲ್ಲಿಯದೇ ತರಗೆಲೆ ತೆಳುವಾಗಿ ಹರಡಿ. ಹೊಸದಾಗಿ ಕೆದಕಿದ ಮಣ್ಣೂ ಒಂದು ಸುಳಿವು. ಹಗ್ಗ ಹಿಡಿದು ನೇರ ಸಾಲಿನಲ್ಲಿ ಬಿತ್ತಬೇಡಿ. ಹಂದಿಗೆ ಎರಡು ಬೀಜ ಸಿಕ್ಕರೆ ಸಾಲು ಹಿಡಿದು ಕೊನೆಯವರೆಗೂ ಹೋಗುತ್ತದೆ. ಉದುರಿದ ಬೀಜ, ಸಿಪ್ಪೆ ಒಂದೂ ಅಲ್ಲಿ ಬಿಡದೆ ಹೆಕ್ಕಿ ತನ್ನಿ.

ಗುಣಿಯ ಸುತ್ತಲಿನ ಒತ್ತಾದ ಹುಲ್ಲು, ಕಡಿದ ರೆಂಬೆಗಳ ರಾಶಿ ಇಲಿಗಳಿಗೆ ಸೂರು. ಅಲ್ಲಿ ಅವು ಗೂಬೆ, ಗಿಡುಗನ ಭಯವಿಲ್ಲದೆ ಓಡಾಡುತ್ತವೆ. ಬಿತ್ತುವ ಜಾಗದ ಸುತ್ತ ಅವನ್ನು ತೆರವು ಮಾಡಿ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಪೈನ್ ಬೀಜದ ಜೊತೆ ಸೂರ್ಯಕಾಂತಿ ಬೀಜ ಎರಚಿ, ಇಲಿಗಳ ಗಮನ ಅತ್ತ ತಿರುಗಿಸಿದ ಪ್ರಯೋಗಗಳಿವೆ, ಪೈನ್ ಬೀಜ ಜಾಸ್ತಿ ಉಳಿಯಿತು ಕೂಡ. ಆದರೆ ಬೇಗ ಮೊಳೆಯುವ ಬೀಜಕ್ಕೆ, ಅದೂ ಹಂದಿ ಇಲ್ಲದ ಕಡೆ ಮಾತ್ರ ಇದನ್ನು ಯೋಚಿಸಿ. ಹೆಚ್ಚು ದಿನ ಉಣಿಸಿದರೆ ಇಲಿಗಳ ಸಂಖ್ಯೆಯೇ ಏರುತ್ತದೆ.

ಹಂತ 8: ನಿಗಾ, ಮತ್ತು ಮದ್ದು ಸಾಲದಿದ್ದಾಗ

ಮೊದಲ ವಾರ ದಿನಾ ನೋಡಿ. ಹೆಚ್ಚಿನ ನಷ್ಟ ಆಗುವುದು ಆಗಲೇ. ಕೆಲವು ಗುಣಿಗಳಿಗೆ ದೂರದಲ್ಲಿ ಕಲ್ಲಿನ ಗುರುತು ಇಟ್ಟುಕೊಂಡು ಅವನ್ನೇ ಪ್ರತಿಸಲ ಎಣಿಸಿ. ಗುಣಿಯ ಪಕ್ಕದಲ್ಲೇ ಕಡ್ಡಿ ನೆಟ್ಟರೆ ಬುದ್ಧಿವಂತ ಹಕ್ಕಿ, ಅಳಿಲುಗಳಿಗೂ ಅದು ಗುರುತಾಗುತ್ತದೆ. ಕಚ್ಚಿ ಬಿಟ್ಟುಹೋದ ಬೀಜ ಕಂಡರೆ ಮದ್ದು ಕೆಲಸ ಮಾಡುತ್ತಿದೆ ಅಂತ ಅರ್ಥ. ಸಿಪ್ಪೆ ಮಾತ್ರ ಉಳಿದಿದ್ದರೆ ಪ್ರಾಣಿ ಖಾರ ಸಹಿಸಿಕೊಂಡಿದೆ. ಆಗ ಮತ್ತೆ ಮತ್ತೆ ಖಾರ ಸುರಿಯುತ್ತಾ ಕೂರಬೇಡಿ, ಸುಮ್ನೆ ಶ್ರಮ.

ಅಂಥ ಜಾಗಕ್ಕೆ, ದಪ್ಪ ಚಿಪ್ಪಿನ ಬೀಜಕ್ಕೆ ತಂತಿ ಜಾಲರಿಯೇ ಸರಿ. ಚಿಕ್ಕ ಇಲಿಗೆ 6 ಮಿ.ಮೀ. ಕಣ್ಣು, ಹೆಗ್ಗಣ ಮತ್ತು ಅಳಿಲಿಗೆ 12 ಮಿ.ಮೀ. ಸಾಕು. ಕೊಳವೆಯ ಹಾಗೆ ಸುತ್ತಿ, ಒಂದು ಗೇಣು ಮಣ್ಣೊಳಗೆ ಇಳಿಸಿ, ಒಳಗೆ ಬೀಜ ಬಿತ್ತಿ, ಮೇಲೆ ಮುಚ್ಚಳ ಕಟ್ಟಿ. ಕುಡಿ ಮುಚ್ಚಳಕ್ಕೆ ತಾಗುವ ಮೊದಲೇ ಮುಚ್ಚಳ ಬಿಚ್ಚಿ, ಇಲ್ಲದಿದ್ದರೆ ಸಸಿ ಸೊಟ್ಟಗಾಗುತ್ತದೆ. ಕೊಳವೆಯನ್ನು ಕಾಂಡ ಬಲಿಯುವವರೆಗೆ ಬಿಡಬಹುದು. ಬುಡ ದಪ್ಪವಾಗಿ ತಂತಿಗೆ ತಾಗುವ ಮುಂಚೆ ಅದನ್ನು ಕತ್ತರಿಸಿ ತೆಗೆಯಿರಿ.